ಗ್ಲೌಸ್ ಬದಲಿಸಿದರೂ ಕೈ ತುರಿಕೆ ನಿಲ್ಲುತ್ತಿಲ್ಲ

ಪ್ರಶ್ನೆ (ಸ್ಟಾಫ್ ನರ್ಸ್, ವಿಜಯಪುರ): ನಮಸ್ಕಾರ ಮೇಡಂ. ಲೇಟೆಕ್ಸ್ (ರಬ್ಬರ್ ಹಾಲಿನ) ಗ್ಲೌಸ್ ಹಾಕ್ಕೊಂಡ ಮರುದಿನ ಮುಂಗೈ ಮ್ಯಾಲೆ, ಬೆರಳ ಸಂದ್ಯಾಗ ತುರಿಕಿ, ಸಣ್ಣ ನೀರ್ಗುಳ್ಳಿ ಬರ್ತಾವ್ರಿ. ನೈಟ್ರೈಲ್ (ಸಿಂಥೆಟಿಕ್ ರಬ್ಬರಿನದು) ಹಾಕ್ಕೊಂಡ್ರೂ ಕಡಿಮಿ ಆಗವಲ್ದು. ಅಂದ್ರ ಇದು ಗ್ಲೌಸಿನ ಅಲರ್ಜಿ ಅಲ್ಲೇನ್ರಿ? ಸ್ಟೋರಿನವರು ‘ಹೈಪೋಅಲರ್ಜೆನಿಕ್’ (ಅಲರ್ಜಿ ಕಡಿಮಿ) ಅಂತ ಬರೆದದ್ದು ತರಿಸ್ತೀವಿ ಅನ್ನಾಕತ್ತಾರ.

ಉತ್ತರ (ಚರ್ಮರೋಗ ತಜ್ಞೆ, ಬೆಳಗಾವಿ): ಗ್ಲೌಸಿನದೇ ಇರಬಹುದು ಸಿಸ್ಟರ್, ಲೇಟೆಕ್ಸಿನದಲ್ಲ. ಹಾಕಿದ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಅನ್ನೋದನ್ನ ಮೊದಲು ನೋಡ್ರಿ. ಕೆಲವೇ ನಿಮಿಷಕ್ಕೆ ಮೈ ದದ್ದರಿಸಿ ಸೀನು ಬಂದರೆ ರಬ್ಬರ್ ಹಾಲಿನ ಪ್ರೋಟೀನಿನ ಅಲರ್ಜಿ. ಒಂದೆರಡು ದಿನ ಬಿಟ್ಟು ನೀರ್ಗುಳ್ಳೆ ಎದ್ದರೆ ಹೆಚ್ಚಾಗಿ ರಬ್ಬರ್ ಗಟ್ಟಿಯಾಗಲಿ ಅಂತ ಹಾಕುವ ಥೈಯುರಾಮ್, ಕಾರ್ಬಮೇಟ್ ಎಂಬ ರಾಸಾಯನಿಕಗಳದ್ದು; ಇವನ್ನೇ ಆಕ್ಸಿಲರೇಟರ್ ಅನ್ನುವುದು. ಇವು ಎಷ್ಟೋ ನೈಟ್ರೈಲ್ ಗ್ಲೌಸಿನಲ್ಲೂ ಇರುತ್ತವೆ. ಡಬ್ಬಿ ಮೇಲೆ ‘ಆಕ್ಸಿಲರೇಟರ್ ಫ್ರೀ’ ಅಂತ ಇರುವ ನೈಟ್ರೈಲ್ ಕೇಳಿ ತರಿಸಿಕೊಳ್ಳಿ. ‘ಹೈಪೋಅಲರ್ಜೆನಿಕ್’ ಅನ್ನುವುದನ್ನು ನೆಚ್ಚಬೇಡಿ, ಹಾಗೆ ಬರೆದದ್ದು ಲೇಟೆಕ್ಸಿನದೇ ಇರಬಹುದು.

ಖಾತ್ರಿ ಮಾಡಿಕೊಳ್ಳಲು ಪ್ಯಾಚ್ ಟೆಸ್ಟ್ ಬೇಕು, ಅಂದರೆ ಅನುಮಾನದ ರಾಸಾಯನಿಕಗಳನ್ನು ಪಟ್ಟಿಯಲ್ಲಿಟ್ಟು ಚರ್ಮಕ್ಕೆ ಹಚ್ಚಿ ನೋಡುವುದು. ಬೆನ್ನಿಗೆ ಹಚ್ಚಿದ ಪಟ್ಟಿ 48 ತಾಸು ಒದ್ದೆಯಾಗಬಾರದು. ತೆಗೆದಾಗ ಒಮ್ಮೆ, 96 ತಾಸಿನ ಹೊತ್ತಿಗೆ ಮತ್ತೊಮ್ಮೆ ನೋಡಬೇಕು. ಬರೀ ಮೊದಲ ಸಲ ನೋಡಿ ‘ಏನಿಲ್ಲ’ ಅಂದುಬಿಟ್ಟರೆ ತಡವಾಗಿ ಏಳುವವು ತಪ್ಪಿಹೋಗುತ್ತವೆ. ವಿಜಯಪುರದ ಮೇ ಬಿಸಿಲಿನಾಗ ಬೆವರಿಗೆ ಪಟ್ಟಿ ಕಿತ್ತು ಬರ್ತದ, ಚಳಿಗಾಲದಾಗ ಮಾಡಿಸೋದು ಬೇಶ್. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಫಲಿತಾಂಶ ಕೆಡುತ್ತದೆ.

ಗುಳ್ಳೆಯಿಲ್ಲದೆ ಬರೀ ಒಣಗಿ, ಬಿರಿದು, ಉರಿಯುತ್ತಿದ್ದರೆ ಅದು ಅಲರ್ಜಿಯೇ ಅಲ್ಲದಿರಬಹುದು. ಸೋಪು, ಬೋರಿನ ಗಡಸು ನೀರು, ಕೈ ಹಸಿ ಇದ್ದಾಗಲೇ ಗ್ಲೌಸ್ ಏರಿಸುವುದು – ನರ್ಸ್‌ಗಳಲ್ಲಿ ಇದೇ ಜಾಸ್ತಿ.

ಪ್ರಶ್ನೆ (ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್, ಬಾಗಲಕೋಟೆ): ನಮ್ಮಲ್ಲೊಬ್ಬರು ಗ್ಲೌಸ್ ಮುಟ್ಟದಿದ್ರೂ, ಪಕ್ಕದವರು ಪೌಡರ್ ಗ್ಲೌಸ್ ಬಿಚ್ಚಿದ್ರ ಸಾಕು ಸೀನು, ಕಣ್ಣುರಿ, ಎದಿ ಬಿಗಿತ. ಧೂಳಿನ ಅಲರ್ಜಿ ಅಂತಾರ.

ಉತ್ತರ: ಇದನ್ನ ಹಗುರವಾಗಿ ತಗೋಬ್ಯಾಡ್ರಿ. ಆ ಪೌಡರ್ ಮೆಕ್ಕೆಜೋಳದ ಪಿಷ್ಟ. ಲೇಟೆಕ್ಸಿನ ಪ್ರೋಟೀನ್ ಅದಕ್ಕಂಟಿ ಗಾಳಿಗೇರುತ್ತದೆ. ಅಮೆರಿಕ 2017ರ ಜನವರಿಯಲ್ಲಿ ಪೌಡರ್ ಗ್ಲೌಸನ್ನೇ ನಿಷೇಧಿಸಿತು. ಅವರೊಬ್ಬರು ಬದಲಿಸಿದರೆ ಸಾಲದು, ಇಡೀ ಓಟಿ ಪೌಡರ್ ಬಿಡಬೇಕು. ಅವರಿಗೆ ಸಿಂಥೆಟಿಕ್: ತಪಾಸಣೆಗೆ ನೈಟ್ರೈಲ್, ಸ್ಟೆರೈಲ್ ಕೆಲಸಕ್ಕೆ ಪಾಲಿಐಸೊಪ್ರೀನ್ ಇಲ್ಲವೇ ನಿಯೋಪ್ರೀನ್. ಟೂರ್ನಿಕೆಟ್ (ಕೈಗೆ ಬಿಗಿಯುವ ರಬ್ಬರ್ ಪಟ್ಟಿ), ರಬ್ಬರ್ ಕ್ಯಾತಿಟರ್ (ಮೂತ್ರದ ನಳಿಕೆ) ಕೂಡ ಲೆಕ್ಕಕ್ಕೆ ಬರುತ್ತವೆ. ಸಿಲಿಕೋನ್ ಕ್ಯಾತಿಟರ್ ಇಟ್ಟುಕೊಳ್ಳಿ.

ಲೇಟೆಕ್ಸ್ ಐಜಿಇ (ಅಲರ್ಜಿಯ ಪ್ರತಿಕಾಯ) ರಕ್ತಪರೀಕ್ಷೆ ಮಾಡಿಸಿ. ನೆಗೆಟಿವ್ ಬಂತಂತ ನಿಶ್ಚಿಂತೆ ಬೇಡ, ಲಕ್ಷಣದ ತೂಕವೇ ಹೆಚ್ಚು. ‘ಗ್ಲೌಸಿನ ತುಂಡು ಕೈಗೆ ಕಟ್ಟಿ ನೋಡೋಣ’ ಅನ್ನುವ ವಾರ್ಡಿನ ಪ್ರಯೋಗ ಇವರ ಮೇಲೆ ಖಂಡಿತ ಬೇಡ. ಬಾಳೆಹಣ್ಣು, ಕಿವಿ, ಬೆಣ್ಣೆಹಣ್ಣು ತಿಂದಾಗ ಬಾಯಿ ತುರಿಸುತ್ತದೋ ಕೇಳಿ, ಪ್ರೋಟೀನುಗಳಲ್ಲಿ ಹೋಲಿಕೆಯಿದೆ. ಅವರಿಗೇ ಹೆರಿಗೆ, ಆಪರೇಷನ್, ಹಲ್ಲಿನ ಚಿಕಿತ್ಸೆ ಇದ್ದರೆ ಮುಂಚೆಯೇ ತಿಳಿಸಬೇಕು; ಅಂಥ ಕೇಸನ್ನು ದಿನದ ಮೊದಲ ಸ್ಲಾಟಿಗೆ ಹಾಕುವುದು ವಾಡಿಕೆ.

ಉಸಿರು ಕಟ್ಟಿ ಬಿಪಿ ಇಳಿದರೆ ಏವಿಲ್ (ಅಲರ್ಜಿ ಔಷಧಿ), ಹೈಡ್ರೊಕಾರ್ಟಿಸೋನ್ (ಸ್ಟೀರಾಯ್ಡ್) ಹುಡುಕುತ್ತ ನಿಲ್ಲಬೇಡಿ. ಮೊದಲು ಅಡ್ರಿನಲಿನ್: 1 ಮಿಲಿಯಲ್ಲಿ 1 ಮಿಗ್ರಾಂ ಇರುವ ಆಂಪ್ಯೂಲಿನಿಂದ ವಯಸ್ಕರಿಗೆ 0.5 ಮಿಲಿ, ತೊಡೆಯ ಹೊರಬದಿ ಸ್ನಾಯುವಿಗೆ. ಸುಧಾರಿಸದಿದ್ದರೆ 5 ನಿಮಿಷಕ್ಕೆ ಮತ್ತೊಮ್ಮೆ.

ಪ್ರಶ್ನೆ (ವಿಜಯಪುರದ ಸಿಸ್ಟರ್): ನೀವು ಹೇಳಿದ ಗ್ಲೌಸ್ ಬರೋತನಕ ಕೊಬ್ಬರಿ ಎಣ್ಣಿ ಹಚ್ಚಿ ಲೇಟೆಕ್ಸನ್ನೇ ಹಾಕ್ಕೊಳ್ಳಲೇನ್ರಿ?

ಉತ್ತರ: ಬ್ಯಾಡ್ರಿ. ಎಣ್ಣೆ, ವ್ಯಾಸಲಿನ್ ಎರಡೂ ಲೇಟೆಕ್ಸನ್ನು ಮೆತ್ತಗೆ ಮಾಡಿ ಹರಿಸುತ್ತವೆ. ಡ್ಯೂಟಿ ಮುಗಿದ ಮೇಲೆ, ಮಲಗುವಾಗ ಧಾರಾಳ ಹಚ್ಚಿ. ವಿನೈಲ್ ಗ್ಲೌಸ್ ಸಣ್ಣಪುಟ್ಟ ಕೆಲಸಕ್ಕೆ ನಡೀತದ. ರಕ್ತದ ಕೆಲಸಕ್ಕೆ ಬೇಡ, ಬೇಗ ಹರೀತದ.