ಶೂಮನ್‌ನ ಪಿಯಾನೊ ಕೃತಿಗಳು ಮನಸ್ಸಿಗೆ ಹತ್ತಿರವಾದವು, ಸಿಂಫನಿಗಳು ಮಾತ್ರ ಮಂಜು ಕವಿದಂತೆ ಕೇಳಿಸುತ್ತವೆ: ಕೊರತೆ ಯಾರದು?

ಸುಂಟಿಕೊಪ್ಪದ ಕೇಳುಗ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಮನೆಯಲ್ಲಿ ಅಜ್ಜನ ಕಾಲದ ಒಂದು ಪಿಯಾನೊ ಇದೆ. ಮಳೆಗಾಲದ ತೇವಕ್ಕೆ ಅದರ ಕೆಲವು ಕೀಗಳು ಒತ್ತಿದರೆ ಮೇಲೇಳುವುದಿಲ್ಲ, ಶ್ರುತಿಯೂ ನಿಲ್ಲುವುದಿಲ್ಲ. ಆದರೂ ಮಗಳು ಅದರ ಮೇಲೆಯೇ ಕಲಿತು, ಜರ್ಮನ್ ಸಂಯೋಜಕ ರಾಬರ್ಟ್ ಶೂಮನ್ ತನ್ನ ಹಿರಿಮಗಳ ಏಳನೆಯ ಹುಟ್ಟುಹಬ್ಬಕ್ಕೆಂದು 1848ರಲ್ಲಿ ಬರೆಯಲು ತೊಡಗಿದ ‘ಎಳೆಯರ ಆಲ್ಬಮ್’ನ ಹಲವು ತುಣುಕುಗಳನ್ನು ಮುಗಿಸಿದ್ದಾಳೆ. ಈಗ ‘ಬಾಲ್ಯದ ದೃಶ್ಯಗಳು’ ಹಿಡಿದಿದ್ದಾಳೆ. ಅದರ 13 ತುಣುಕುಗಳಲ್ಲಿ ಏಳನೆಯದಾದ ‘ಟ್ರಾಯ್ಮೆರೈ’ಯನ್ನು ಅವಳು ಸಂಜೆ ಹೊತ್ತು ನುಡಿಸುವಾಗ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಕೂರುತ್ತೇನೆ.

ಇಷ್ಟು ಹಿಡಿಸಿದ ಸಂಯೋಜಕನ ನಾಲ್ಕು ಸಿಂಫನಿಗಳನ್ನೂ, ಅಂದರೆ ಇಡೀ ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿಗಳನ್ನೂ, ಕೇಳಬೇಕೆಂದು ಹೊರಟವನಿಗೆ ನಿರಾಸೆಯಾಯಿತು. ಚೆಂದದ ರಾಗಗಳು ಇವೆ ಎಂಬುದು ತಿಳಿಯುತ್ತದೆ, ಆದರೆ ಬೆಳಗಿನ ಮಂಜಿನಲ್ಲಿ ತೋಟದ ಸಿಲ್ವರ್ ಮರಗಳನ್ನು ನೋಡಿದ ಹಾಗೆ ಆಕಾರ ಕಾಣುತ್ತದೆಯೇ ಹೊರತು ಕೊಂಬೆ ಎಲೆ ಕಾಣುವುದಿಲ್ಲ. ಎಲ್ಲ ವಾದ್ಯಗಳೂ ಒಂದೇ ಸಮನೆ ನುಡಿಯುತ್ತಿರುವಂತೆ ಭಾಸವಾಗುತ್ತದೆ. ಅವನಿಗೆ ವಾದ್ಯವೃಂದಕ್ಕೆ ಬರೆಯಲು ಬರುತ್ತಿರಲಿಲ್ಲವೆಂದೂ, ನಂತರದ ಕಾಲದ ಸಂಯೋಜಕ, ವಾದ್ಯವೃಂದ ನಿರ್ದೇಶಕ ಗುಸ್ತಾವ್ ಮಾಹ್ಲರ್ ಈ ನಾಲ್ಕನ್ನೂ ತಿದ್ದಿ ನಡೆಸುತ್ತಿದ್ದನೆಂದೂ ಓದಿದೆ. ಇದು ನಿಜವಾಗಿ ಅವನ ದೋಷವೇ, ಅಥವಾ ನನ್ನ ಕಿವಿಯದೇ? ತಿಳಿದವರು ದಯವಿಟ್ಟು ಹೇಳಬೇಕು.

ವಿರಾಜಪೇಟೆಯ ಪಿಯಾನೊ ಶಿಕ್ಷಕಿ

ನಿಮ್ಮ ಪ್ರಶ್ನೆಯನ್ನು ಓದಿ ಸಂತೋಷವಾಯಿತು, ಏಕೆಂದರೆ ಇದಕ್ಕೆ ಉತ್ತರ ನಿಮ್ಮ ಮಗಳ ಬೆರಳುಗಳ ಕೆಳಗೇ ಇದೆ. ‘ಟ್ರಾಯ್ಮೆರೈ’ಯನ್ನು ಮೇಲಿನ ರಾಗ ಒಂದು, ಕೆಳಗಿನ ಜೊತೆ ಒಂದು ಎಂದು ಕೇಳಬೇಡಿ. ಅಲ್ಲಿ ನಾಲ್ಕು ದನಿಗಳಿವೆ. ಮೇಲಿನದು ಏರಿ ನಿಂತ ಕೂಡಲೇ ನಡುವಿನ ದನಿಯೊಂದು ಅದೇ ಮಾತನ್ನು ಎತ್ತಿಕೊಳ್ಳುತ್ತದೆ, ಅದು ಮುಗಿಯುವ ಮೊದಲೇ ಇನ್ನೊಂದು. ಇಂದು ಸಂಜೆ ಮಗಳಿಗೆ ಮೇಲಿನ ರಾಗವನ್ನು ಬಿಟ್ಟು ನಡುವಿನ ದನಿಗಳನ್ನು ಮಾತ್ರ ನುಡಿಸಲು ಹೇಳಿ. ಅದೂ ಹಾಡೇ ಎಂಬುದು ನಿಮಗೆ ಗೊತ್ತಾಗುತ್ತದೆ.

ಶೂಮನ್‌ನ ಮೊದಲ 23 ಕೃತಿಸಂಖ್ಯೆಗಳೂ ಪಿಯಾನೊಗಾಗಿಯೇ ಬರೆದವು. 1832ರ ಸುಮಾರಿಗೆ ಬಲಗೈಯ ಬೆರಳು ಸ್ವಾಧೀನ ತಪ್ಪಿ ವಾದಕನಾಗುವ ಆಸೆ ಕೈಬಿಟ್ಟ ಮೇಲೂ ಅವನು ಯೋಚಿಸುತ್ತಿದ್ದುದು ಕೈಗಳ ಮೂಲಕವೇ, ಅದರಲ್ಲಿಯೂ ಹೆಬ್ಬೆರಳುಗಳು ಓಡಾಡುವ ನಡುವಿನ ಜಾಗದಲ್ಲಿ. 1839ರ ‘ಹ್ಯೂಮರೆಸ್ಕ’ದ ಒಂದು ಪುಟದಲ್ಲಿ ಎರಡು ಕೈಗಳ ಸಾಲುಗಳ ಮಧ್ಯೆ ಮೂರನೆಯ ಸಾಲೊಂದಿದೆ. ಅದರ ಮೇಲೆ ‘ಒಳದನಿ’ ಎಂದು ಬರೆದಿದ್ದಾನೆ. ಆ ಸಾಲನ್ನು ನುಡಿಸುವಂತಿಲ್ಲ. ಎರಡೂ ಕೈಗಳು ಅದರ ಸುತ್ತ ಹರಿದಾಡುತ್ತವೆ, ವಾದಕ ಅದನ್ನು ಮನಸ್ಸಿನಲ್ಲಿ ಹಾಡಿಕೊಳ್ಳಬೇಕು, ಕೇಳುಗನಿಗೆ ಅದರ ನೆರಳು ತಾಕಬೇಕು. ನಾನು ಇಪ್ಪತ್ತು ವರ್ಷಗಳಿಂದ ಕಲಿಸುತ್ತಿದ್ದೇನೆ. ಆ ಪುಟವನ್ನು ತೆರೆದಾಗಲೆಲ್ಲ ಇಂದಿಗೂ ಒಂದು ಕ್ಷಣ ಸುಮ್ಮನೆ ಕೂರುತ್ತೇನೆ.

ಅವನ ವಾದ್ಯವೃಂದವೂ ಈ ಒಳದನಿಯಿಂದಲೇ ಬೆಳೆದದ್ದು. ಮೇಲಿನ ವಯಲಿನ್‌ಗಳನ್ನೇ ಹಿಂಬಾಲಿಸುವ ಕಿವಿಗೆ ನಡುವಿನ ದನಿಗಳಾದ ವಯೊಲಾ, ಕ್ಲಾರಿನೆಟ್, ಹಾರ್ನ್‌ಗಳ ಮಾತು ಗದ್ದಲವಾಗಿ ಕೇಳಿಸುವುದು ಸಹಜ. ಆದ್ದರಿಂದ ಸಿಂಫನಿಗಳಿಗೆ ನೇರವಾಗಿ ಹೋಗದೆ ನಡುವೆ ಒಂದು ಮೆಟ್ಟಿಲು ಇಟ್ಟುಕೊಳ್ಳಿ: ಪಿಯಾನೊ ಮತ್ತು ವಾದ್ಯವೃಂದ ಜೊತೆಯಾಗಿ ನುಡಿಯುವ ಏ ಮೈನರ್ ಪಿಯಾನೊ ಕಂಚೆರ್ಟೊ. 1841ರಲ್ಲಿ ಒಂದೇ ಭಾಗದ ಫ್ಯಾಂಟಸಿಯಾಗಿ ಬರೆದದ್ದನ್ನು ಪ್ರಕಟಿಸಲು ಯಾರೂ ಮುಂದೆ ಬರದಿದ್ದಾಗ 1845ರಲ್ಲಿ ಇನ್ನೆರಡು ಭಾಗಗಳನ್ನು ಸೇರಿಸಿದ. ಅದೇ ವರ್ಷದ ಡಿಸೆಂಬರ್‌ನಲ್ಲಿ ಡ್ರೆಸ್ಡೆನ್‌ನಲ್ಲಿ ಪತ್ನಿ ಕ್ಲಾರಾ ಅದನ್ನು ನುಡಿಸಿದಳು. ಮೊದಲ ಭಾಗದಲ್ಲಿ ಓಬೋ ಎಂಬ ಊದುವ ವಾದ್ಯ ರಾಗವನ್ನು ತೆರೆಯುತ್ತದೆ, ಪಿಯಾನೊ ಅದನ್ನು ಸ್ವೀಕರಿಸುತ್ತದೆ. ಸ್ವಲ್ಪ ಮುಂದೆ ಹೋದರೆ ಕ್ಲಾರಿನೆಟ್ ಹಾಡುತ್ತಿರುವಾಗ ಪಿಯಾನೊ ಹಿಂದೆ ಸರಿದು ಕೇವಲ ಅಲೆಗಳನ್ನು ಎಬ್ಬಿಸುತ್ತಿರುತ್ತದೆ. ಏಕವ್ಯಕ್ತಿ ವಾದಕಿಯನ್ನು ಜೊತೆಗಾರ್ತಿಯನ್ನಾಗಿ ಮಾಡಿದ ಆ ಜಾಗವನ್ನು ಹಿಡಿದರೆ ಅವನ ವಾದ್ಯವೃಂದದ ಬಾಗಿಲು ತೆರೆದಂತೆ. 1948ರಲ್ಲಿ ಪಿಯಾನೊ ವಾದಕ ಡಿನು ಲಿಪಾಟಿ ಮಾಡಿದ ಧ್ವನಿಮುದ್ರಣ ಹಳೆಯದಾದರೂ ಈ ಸಂಭಾಷಣೆ ಅದರಲ್ಲಿ ನಿಚ್ಚಳವಾಗಿದೆ.

ಮಡಿಕೇರಿಯ ನಿವೃತ್ತ ಬ್ಯಾಂಡ್ ವಾದಕ

ಮೇಡಂ ಅವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಕೇಳುಗರ ಕಿವಿಯ ಮೇಲೆಯೇ ಭಾರವನ್ನೆಲ್ಲ ಹೊರಿಸುವುದು ಸರಿಯಲ್ಲ. ನಾನು ಸೇನೆಯ ಬ್ಯಾಂಡಿನಲ್ಲಿ ಹಾರ್ನ್ ಊದಿದವನು. ವಾದ್ಯದ ಕಡೆಯಿಂದ ಎರಡು ಮಾತು ಹೇಳುತ್ತೇನೆ.

ಮೊದಲನೆಯ ಸಿಂಫನಿಯ ರೂಪರೇಖೆಯನ್ನು ಅವನು 1841ರ ಜನವರಿಯಲ್ಲಿ ನಾಲ್ಕೇ ದಿನಗಳಲ್ಲಿ ಬರೆದ. ಹಾರ್ನ್ ಮತ್ತು ಟ್ರಂಪೆಟ್‌ಗಳ ಕರೆಯಿಂದ ಅದು ತೊಡಗುತ್ತದೆ. ಆ ಕಾಲದ ಹೆಚ್ಚಿನ ಹಾರ್ನ್‌ಗಳಲ್ಲಿ ಇಂದಿನಂತೆ ಸ್ವರ ಬದಲಿಸುವ ವಾಲ್ವ್ ಇರಲಿಲ್ಲ. ನಮ್ಮ ಊರಹಬ್ಬಗಳಲ್ಲಿ ಊದುವ ಕೊಂಬನ್ನು ನೆನಪಿಸಿಕೊಳ್ಳಿ: ತುಟಿಯ ಬಿಗಿಯಿಂದ ಬರುವ ಕೆಲವೇ ಸ್ವರಗಳು ತುಂಬಿ ಮೊಳಗುತ್ತವೆ, ಉಳಿದವು ಆ ಕೊಳವೆಯಲ್ಲಿ ಇಲ್ಲವೇ ಇಲ್ಲ. ಹಾರ್ನ್ ವಾದಕರು ವಾದ್ಯದ ಅಗಲವಾದ ಬಾಯಿಯೊಳಗೆ ಕೈಯಿಟ್ಟು ಅಂಥ ಸ್ವರಗಳನ್ನು ಹೊರಡಿಸುತ್ತಿದ್ದರು, ಆದರೆ ಅವು ಉಸಿರುಕಟ್ಟಿದಂತೆ ಬರುತ್ತಿದ್ದವು. ಶೂಮನ್ ಮೊದಲು ಬರೆದ ಕರೆ ನಮ್ಮ ಲೆಕ್ಕದಲ್ಲಿ ಸ–ಧ–ನಿ–ಸ. ಧೈವತ ನಿಷಾದಗಳು ತಗ್ಗಿನ ಸ್ಥಾಯಿಯಲ್ಲಿ ಆ ವಾದ್ಯಕ್ಕೆ ಸಹಜವಲ್ಲ. ತಾಲೀಮಿನಲ್ಲಿ ಅದು ಕೆಟ್ಟದಾಗಿ ಕೇಳಿಸಿದ್ದರಿಂದ ಕರೆಯನ್ನು ಮೇಲಕ್ಕೆತ್ತಿ ಗ–ಸ–ರಿ–ಗ ಮಾಡಿದ. ಆ ವರ್ಷ ಮಾರ್ಚ್ 31ರಂದು ಲೈಪ್‌ಜಿಗ್‌ನ ಗೆವಾಂಡ್‌ಹೌಸ್‌ನಲ್ಲಿ ಮೆಂಡೆಲ್ಸನ್ ನಿರ್ದೇಶನದಲ್ಲಿ ಅದು ಮೊದಲು ನುಡಿಯಿತು. ವಾದ್ಯಗಳ ಮಿತಿಯನ್ನು ಅವನು ತಾಲೀಮಿನಲ್ಲಿ ಕಲಿಯಬೇಕಾಯಿತು ಎಂಬುದು ಸತ್ಯ, ಆದರೆ ಎಷ್ಟು ಬೇಗ ಕಲಿತನೆಂದರೆ 1849ರಲ್ಲಿ ಹೊಸ ವಾಲ್ವ್ ಹಾರ್ನ್‌ಗಳನ್ನೇ ನೆಚ್ಚಿ ನಾಲ್ಕು ಹಾರ್ನ್‌ಗಳಿಗೆ ಒಂದು ಕಂಚೆರ್ಟ್‌ಸ್ಟುಕ್ (ಚಿಕ್ಕ ಕಂಚೆರ್ಟೊ) ಬರೆದ. ಇಂದಿಗೂ ಅದನ್ನು ನುಡಿಸಲು ಹೊರಡುವವರು ಎರಡು ಸಲ ಯೋಚಿಸುತ್ತಾರೆ.

ಎರಡನೆಯದು ಸಂಖ್ಯೆಯ ಮಾತು. ಅವನು ಬರೆದದ್ದು ಸುಮಾರು 50 ವಾದಕರ ವೃಂದಕ್ಕೆ, ಅಂದಿನ ಚಿಕ್ಕ ಸಭಾಂಗಣಕ್ಕೆ. ಓಬೋ, ಕ್ಲಾರಿನೆಟ್‌ಗಳು ವಯಲಿನ್‌ನ ರಾಗವನ್ನೇ ಜೊತೆಗೂಡಿ ನುಡಿಸಿದರೆ ಆ ಅಳತೆಯಲ್ಲಿ ಹೊಸದೊಂದು ಬಣ್ಣ ಹುಟ್ಟುತ್ತದೆ. ತಂತಿವಾದ್ಯಗಳನ್ನು ಎರಡರಷ್ಟು ಹೆಚ್ಚಿಸಿದ ಬಳಿಕ ಬಣ್ಣ ಮುಳುಗಿ ದಪ್ಪ ಮಾತ್ರ ಉಳಿಯುತ್ತದೆ. ಮಾಹ್ಲರ್ ಬಹುಮಟ್ಟಿಗೆ ಕತ್ತರಿ ಹಾಕಿದ್ದು ಇಂಥ ಜೋಡಿ ಸ್ವರಗಳಿಗೇ. ವಾದ್ಯವೃಂದ ನಿರ್ದೇಶಕ ಜಾನ್ ಎಲಿಯಟ್ ಗಾರ್ಡಿನರ್ ಹಳೆಯ ಮಾದರಿಯ ವಾದ್ಯಗಳೊಂದಿಗೆ ಮಾಡಿದ ಧ್ವನಿಮುದ್ರಣವನ್ನು ಕೇಳಿ ನೋಡಿ. ನೀವು ಹೇಳಿದ ಮಂಜಿನ ಮುಕ್ಕಾಲು ಪಾಲು ಕರಗುತ್ತದೆ.

ಇನ್ನು, ದಯವಿಟ್ಟು ಮೂರನೆಯದಾದ ‘ರೈನ್’ ಸಿಂಫನಿಯ ನಾಲ್ಕನೆಯ ಭಾಗವನ್ನು ತಪ್ಪಿಸಬೇಡಿ. 1850ರಲ್ಲಿ ಡುಸೆಲ್‌ಡಾರ್ಫ್‌ಗೆ ಬಂದ ಶೂಮನ್ ಕಲೋನ್‌ನ ಮಹಾದೇವಾಲಯವನ್ನು (ಕ್ಯಾಥೀಡ್ರಲ್) ಕಂಡ, ಈ ಭಾಗಕ್ಕೆ ಅದೇ ಪ್ರೇರಣೆ ಎನ್ನುತ್ತಾರೆ. ಅದು ಕಟ್ಟಿ ಮುಗಿದದ್ದು 1880ರಲ್ಲಿ, ಅವನು ಕಂಡದ್ದು ಅರೆಗಟ್ಟಿದ ಕಲ್ಲುಗಳನ್ನು. ಈ ಸಿಂಫನಿಯಲ್ಲಿ ಮೂರು ಟ್ರಾಂಬೋನ್ ವಾದಕರು ಮೊದಲ ಮೂರು ಭಾಗಗಳಲ್ಲಿ ಒಂದು ಸ್ವರವನ್ನೂ ಊದದೆ ಕುಳಿತಿರುತ್ತಾರೆ, ನಾಲ್ಕನೆಯದರಲ್ಲಿ ಮೆಲ್ಲನೆ ಬಾಯಿ ತೆರೆಯುತ್ತಾರೆ. ತಣ್ಣಗಾದ ವಾದ್ಯದಲ್ಲಿ ಮೊದಲ ಸ್ವರವನ್ನೇ ಅಷ್ಟು ಎತ್ತರದಲ್ಲಿ, ಅಷ್ಟು ಮೆತ್ತಗೆ ಹಿಡಿಯುವುದು ಎಷ್ಟು ಕಷ್ಟವೆಂದು ಊದಿದವರಿಗೆ ಗೊತ್ತು. ವಾದ್ಯವೃಂದಕ್ಕೆ ಬರೆಯಲು ಬಾರದವನು ಹಾಗೆ ಕಾಯಿಸುವುದಿಲ್ಲ.

ಪೊನ್ನಂಪೇಟೆಯ ವಿದ್ಯಾರ್ಥಿ

ಹಿರಿಯರು ಹೇಳಿದ್ದಕ್ಕೆ ಒಂದನ್ನು ಸೇರಿಸುತ್ತೇನೆ. ಡಿ ಮೈನರ್ ಸಿಂಫನಿಗೆ ಎರಡು ರೂಪಗಳಿವೆ. ಮೊದಲನೆಯದು 1841ರದು. ಹತ್ತು ವರ್ಷಗಳ ನಂತರ, 1851ರಲ್ಲಿ, ಶೂಮನ್ ಅದನ್ನು ತಿದ್ದಿ ದಟ್ಟವಾಗಿಸಿದ. ಪ್ರಕಟವಾದದ್ದು ತಡವಾದ್ದರಿಂದ ಅದಕ್ಕೆ ‘ನಾಲ್ಕನೆಯದು’ ಎಂಬ ಹೆಸರು ಬಂತು. ಅವನ ಗೆಳೆಯನಾಗಿದ್ದ ಸಂಯೋಜಕ ಬ್ರಾಮ್ಸ್ ಹಳೆಯ ರೂಪವೇ ಹಗುರವೂ ಸ್ಪಷ್ಟವೂ ಆಗಿದೆಯೆಂದು ಪಟ್ಟುಹಿಡಿದು, ಕ್ಲಾರಾಳ ಅಸಮಾಧಾನವನ್ನೂ ಎದುರಿಸಿ 1891ರಲ್ಲಿ ಅದು ಅಚ್ಚಾಗುವಂತೆ ಮಾಡಿದ. ಗಾರ್ಡಿನರ್ ಎರಡನ್ನೂ ನುಡಿಸಿದ್ದಾರೆ. ಒಂದಾದ ಮೇಲೊಂದು ಕೇಳಿದರೆ ತಮ್ಮ ಪ್ರಶ್ನೆಗೆ ಶೂಮನ್‌ನೇ ಎರಡು ಉತ್ತರ ಕೊಟ್ಟಂತಾಗುತ್ತದೆ. ನನಗೆ ವೈಯಕ್ತಿಕವಾಗಿ 1851ರದೇ ಹೆಚ್ಚು ಇಷ್ಟ, ಏಕೆಂದರೆ ಕೊನೆಯ ಭಾಗಕ್ಕೆ ದಾಟುವಾಗಿನ ಕತ್ತಲೆಗೆ ಆ ದಪ್ಪ ಬೇಕೆನಿಸುತ್ತದೆ.

ಸುಂಟಿಕೊಪ್ಪದ ಕೇಳುಗ

ಮೂವರಿಗೂ ಕೃತಜ್ಞತೆಗಳು. ಮೇಡಂ ಹೇಳಿದಂತೆ ಮಗಳು ನಡುವಿನ ದನಿಗಳನ್ನಷ್ಟೇ ನುಡಿಸಿದಳು. ಇಷ್ಟು ದಿನ ನಾನು ಅರ್ಧ ಕೇಳಿದ್ದೆನೆಂದು ತಿಳಿಯಿತು. ನಿನ್ನೆ ರಾತ್ರಿ ‘ರೈನ್’ನ ನಾಲ್ಕನೆಯ ಭಾಗವನ್ನು ಮೂರು ಬಾರಿ ಹಾಕಿದೆ. ಮೂರನೆಯ ಸಲ ಟ್ರಾಂಬೋನ್‌ಗಳ ಕೆಳಗೆ ತಂತಿವಾದ್ಯಗಳು ಅದೇ ರಾಗವನ್ನು ಬೇಗಬೇಗನೆ ಹೇಳುತ್ತಿರುವುದು ಕೇಳಿಸಿತು. ಮಗಳದೊಂದು ಪ್ರಶ್ನೆ: ಮುಂದೆ ‘ಕಾಡಿನ ದೃಶ್ಯಗಳು’ ಕಲಿಯಬಹುದೇ?

ವಿರಾಜಪೇಟೆಯ ಪಿಯಾನೊ ಶಿಕ್ಷಕಿ

ಧಾರಾಳವಾಗಿ ಕಲಿಯಲಿ, ಆದರೆ ಒಂಬತ್ತನ್ನೂ ಒಟ್ಟಿಗೆ ಬೇಡ. ಮೂರನೆಯದಾದ ‘ಒಂಟಿ ಹೂಗಳು’ ಮೊದಲು. ನೋಡಲು ಸುಲಭವೆನಿಸುತ್ತದೆ, ಆದರೆ ಒಂದೇ ಬಲಗೈಯಲ್ಲಿ ಎರಡು ದನಿಗಳು ಒಂದನ್ನೊಂದು ತಾಗಿಕೊಂಡೇ ನಡೆಯುತ್ತವೆ. ಎರಡು ಬಣ್ಣದ ಪೆನ್ಸಿಲ್‌ಗಳಿಂದ ಅವನ್ನು ಬೇರೆಬೇರೆಯಾಗಿ ಗುರುತಿಸಿಕೊಂಡು, ಒಂದನ್ನು ಹಾಡುತ್ತ ಇನ್ನೊಂದನ್ನು ನುಡಿಸಲಿ.

ಏಳನೆಯದಾದ ‘ಕಾಲಜ್ಞಾನಿ ಹಕ್ಕಿ’ಗೆ ಇನ್ನೊಂದು ವರ್ಷ ಕಾಯಲಿ. ಹಾಲಕ್ಕಿ ಶಕುನ ನುಡಿಯುತ್ತದೆಂದು ಕೇಳಿ ಬೆಳೆದ ನಮಗೆ ಆ ಹೆಸರನ್ನು ವಿವರಿಸಬೇಕಾಗಿಲ್ಲ. ಸ್ವರಗಳು ಕಷ್ಟವೇನಲ್ಲ, ಕಷ್ಟವಿರುವುದು ಅವುಗಳ ನಡುವಿನ ಬಿಡುವುಗಳಲ್ಲಿ. ಹಕ್ಕಿ ಒಂದು ಸಿಳ್ಳು ಹಾಕಿ ನಿಲ್ಲುತ್ತದೆ, ಮತ್ತೊಂದು ಹಾಕಿ ನಿಲ್ಲುತ್ತದೆ; ನಡುವೆ ಒಂದೆಡೆ ಪ್ರಾರ್ಥನೆಯಂಥ ನಾಲ್ಕಾರು ಸಾಲುಗಳು ಬಂದು ಹೋಗುತ್ತವೆ; ಆಮೇಲೆ ಅದೇ ಸಿಳ್ಳು, ಏನನ್ನೂ ಬಿಡಿಸಿ ಹೇಳದೆ ಮುಗಿಯುತ್ತದೆ. ಮಕ್ಕಳು ಆ ಬಿಡುವುಗಳನ್ನು ಅವಸರದಲ್ಲಿ ನುಂಗಿಬಿಡುತ್ತಾರೆ, ಇಲ್ಲವೇ ಪೆಡಲ್ ಒತ್ತಿ ತುಂಬಿಬಿಡುತ್ತಾರೆ. ಬೆಳಗಿನ ಹೊತ್ತು ಅವಳನ್ನು ತೋಟದ ತೊರೆಯ ಬದಿಗೆ ಕರೆದುಕೊಂಡು ಹೋಗಿ, ಒಂದು ಸಿಳ್ಳಿಗೂ ಇನ್ನೊಂದಕ್ಕೂ ನಡುವೆ ಹಕ್ಕಿ ಎಷ್ಟು ಹೊತ್ತು ಸುಮ್ಮನಿರುತ್ತದೆಂದು ಕೇಳಿಸಿ. ಪಿಯಾನೊದ ಶ್ರುತಿಯನ್ನು ಮಾತ್ರ ಈಗ ಮಾಡಿಸಬೇಡಿ. ಮಳೆ ಬಿಟ್ಟು, ಮರ ಒಣಗಿ, ಒಂದು ತಿಂಗಳು ಕಳೆಯಲಿ.