ಮನೆಯ ವೈಫೈ ದಿನಕ್ಕೆ ನಾಲ್ಕೈದು ಬಾರಿ ಒಂದೊಂದು ನಿಮಿಷ ಕಡಿದುಹೋಗುತ್ತಿದೆ: ದೋಷ ಎಲ್ಲಿದೆ ಎಂದು ಪತ್ತೆ ಮಾಡುವುದು ಹೇಗೆ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಮನೆಯಿಂದಲೇ ಪಿಯುಸಿ ವಿದ್ಯಾರ್ಥಿಗಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮದು ಎರಡು ಅಂತಸ್ತಿನ ಆರ್‌ಸಿಸಿ ಮನೆ. ಫೈಬರ್ ಕೇಬಲ್ ಕೆಳಗಿನ ಹಾಲ್‌ಗೆ ಬಂದು ಕಂಪನಿಯವರು ಕೊಟ್ಟಿರುವ ರೂಟರ್‌ಗೆ ಸೇರುತ್ತದೆ. ನಾನು ಪಾಠ ಮಾಡುವ ಕೋಣೆ ಅದರ ನೇರ ಮೇಲಿದೆ. ಹಳೆಯ ರೂಟರ್ ಕೆಟ್ಟಿದ್ದರಿಂದ ಎರಡು ತಿಂಗಳ ಹಿಂದೆ ಹೊಸದನ್ನು ಹಾಕಿಕೊಟ್ಟರು. ಅಂದಿನಿಂದ ದಿನಕ್ಕೆ ನಾಲ್ಕೈದು ಸಲ ಸಂಪರ್ಕ ಕಡಿದುಹೋಗುತ್ತಿದೆ. ಸುಮಾರು ಒಂದು ನಿಮಿಷದ ನಂತರ ತಾನಾಗಿಯೇ ಬರುತ್ತದೆ.

ಪಾಠದ ನಡುವೆ ಹೀಗಾದಾಗ ಆಗುವ ತೊಂದರೆ ಹೇಳತೀರದು. ಸಮಾಕಲನದ ಒಂದು ಲೆಕ್ಕವನ್ನು ಅರ್ಧ ಬಿಡಿಸಿರುತ್ತೇನೆ, ಪರದೆ ನಿಂತುಬಿಡುತ್ತದೆ. ಮರಳಿ ಸೇರುವಷ್ಟರಲ್ಲಿ 'ಮಿಸ್, ಕೇಳಿಸ್ತಿಲ್ಲ' ಎಂಬ ಸಂದೇಶಗಳು ಸಾಲಾಗಿ ಬಂದಿರುತ್ತವೆ. ಕಂಪನಿಯ ತಂತ್ರಜ್ಞರು ಎರಡು ಸಲ ಬಂದರು. ಎರಡು ಸಲವೂ ರೂಟರ್‌ನ ಪಕ್ಕದಲ್ಲೇ ನಿಂತು ವೇಗ ಪರೀಕ್ಷಿಸಿ, 94 ಎಂಬಿಪಿಎಸ್ ಬರುತ್ತಿದೆ, ಲೈನ್ ಸರಿಯಾಗಿದೆ ಎಂದು ಹೇಳಿ ಹೋದರು. ಲ್ಯಾಪ್‌ಟಾಪ್ ವಿಂಡೋಸ್ 11ರದು. ರೂಟರ್ ಎರಡು ಹೆಸರುಗಳನ್ನು ತೋರಿಸುತ್ತದೆ. ಕೊನೆಯಲ್ಲಿ 5ಜಿ ಎಂದಿರುವುದಕ್ಕೆ ಲ್ಯಾಪ್‌ಟಾಪ್ ಜೋಡಿಸಿದ್ದೇನೆ. ಎಲ್ಲಿಂದ ಹುಡುಕಲು ಆರಂಭಿಸಬೇಕು ಎಂದು ತಿಳಿದವರು ದಯವಿಟ್ಟು ತಿಳಿಸಿ.

ಗಂಧದಗುಡಿಯವ:

ಮೇಡಂ, ಆರ್‌ಸಿಸಿ ತಾರಸಿ 5 ಗಿಗಾಹರ್ಟ್ಸ್ ಸಿಗ್ನಲನ್ನು, ಅಂದರೆ ನಿಮ್ಮ ಆ 5ಜಿ ಹೆಸರಿನದನ್ನು, ಬಹಳ ಮಟ್ಟಿಗೆ ತಡೆಯುತ್ತದೆ. ನಮ್ಮ ಮನೆಯ ಮಹಡಿಯಲ್ಲೂ ಇದೇ ಗೋಳಿತ್ತು. ಮೇಲಿನ ಕೋಣೆಗೆ ಒಂದು ಮೆಶ್ ಘಟಕವನ್ನು (ರೂಟರ್‌ನ ವೈಫೈಯನ್ನು ದೂರದ ಕೋಣೆಗೂ ಹಬ್ಬಿಸುವ ಉಪಕರಣ) ತಂದು ಹಾಕಿದ ಮೇಲೆ ನಿಶ್ಚಿಂತೆಯಾಗಿದ್ದೇವೆ. ನೀವೂ ಅದನ್ನೇ ಮಾಡುವುದು ಒಳ್ಳೆಯದು.

ತಾಳೆಗರಿ:

ಮೆಶ್‌ಗೆ ದುಡ್ಡು ಹಾಕುವ ಮೊದಲು ದಯವಿಟ್ಟು ಎರಡು ದಿನ ತಾಳಿ. ತಾರಸಿ ಸಿಗ್ನಲನ್ನು ಕುಗ್ಗಿಸುತ್ತದೆ ಎಂಬುದು ನಿಜವೇ. ಆದರೆ ಕುಗ್ಗಿದ ಸಿಗ್ನಲ್ ದಿನವಿಡೀ ಕುಗ್ಗಿಯೇ ಇರುತ್ತದೆ, ಗಂಟೆಗಟ್ಟಲೆ ಚೆನ್ನಾಗಿದ್ದು ಸರಿಯಾಗಿ ಒಂದು ನಿಮಿಷ ಮಾಯವಾಗಿ ಮರಳಿ ಬರುವುದು ಅದರ ಲಕ್ಷಣವಲ್ಲ. ವೇಗದ ಪರೀಕ್ಷೆಯಿಂದಲೂ ಇಲ್ಲಿ ಪ್ರಯೋಜನವಿಲ್ಲ, ಏಕೆಂದರೆ ಅದು ನಡೆಯುವ ಅರ್ಧ ನಿಮಿಷದಲ್ಲಿ ಸಂಪರ್ಕ ಹೇಗಿತ್ತು ಎಂಬುದನ್ನಷ್ಟೇ ಅದು ಹೇಳಬಲ್ಲದು.

ಲ್ಯಾಪ್‌ಟಾಪಿನಿಂದ ಹೊರಜಗತ್ತಿಗೆ ಹೋಗುವ ದಾರಿಯಲ್ಲಿ ಎರಡು ಕೊಂಡಿಗಳಿವೆ: ಲ್ಯಾಪ್‌ಟಾಪಿನಿಂದ ರೂಟರ್‌ವರೆಗಿನ ವೈಫೈ ಒಂದು, ರೂಟರ್‌ನಿಂದ ಕಂಪನಿಯವರೆಗಿನ ಫೈಬರ್ ಇನ್ನೊಂದು. ಯಾವುದು ಕಡಿಯುತ್ತಿದೆ ಎಂಬುದು ಗೊತ್ತಾಗದೆ ಏನು ಮಾಡಿದರೂ ಅದು ಕತ್ತಲಲ್ಲಿ ಸೂಜಿ ಹುಡುಕಿದಂತೆ. ಕಮಾಂಡ್ ಪ್ರಾಂಪ್ಟ್‌ನ ಎರಡು ಕಿಟಕಿಗಳನ್ನು ತೆರೆಯಿರಿ. ಒಂದರಲ್ಲಿ ರೂಟರ್‌ನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1), ಇನ್ನೊಂದರಲ್ಲಿ 8.8.8.8ಕ್ಕೆ (ಇಂಟರ್ನೆಟ್‌ನಲ್ಲಿರುವ ಗೂಗಲ್‌ನ ಸರ್ವರ್ ವಿಳಾಸ) ಪಿಂಗ್ ಕಳುಹಿಸಿ; ಪಿಂಗ್ ಎಂದರೆ ಉತ್ತರ ಬರುತ್ತದೆಯೇ ಎಂದು ನೋಡಲು ಕಳುಹಿಸುವ ಪುಟ್ಟ ಸಂದೇಶ. ಕೊನೆಯಲ್ಲಿ ಒಂದು ಸ್ಥಳ ಬಿಟ್ಟು ಹೈಫನ್ ಮತ್ತು ಟಿ ಅಕ್ಷರವನ್ನು ಸೇರಿಸಿದರೆ ನೀವು ನಿಲ್ಲಿಸುವವರೆಗೂ ಅದು ನಡೆಯುತ್ತಲೇ ಇರುತ್ತದೆ. ಸಂಪರ್ಕ ಕಡಿದ ಹೊತ್ತಿನಲ್ಲಿ ರೂಟರ್‌ನಿಂದ ಉತ್ತರ ಬರುತ್ತಿದ್ದು 8.8.8.8 ಮಾತ್ರ ಮೌನವಾಗಿದ್ದರೆ ದೋಷ ಬಹುಮಟ್ಟಿಗೆ ಹೊರಗಿನ ಲೈನಿನದು. ಎರಡೂ ಒಟ್ಟಿಗೆ ನಿಂತರೆ ದೋಷ ಮನೆಯೊಳಗಿನದು.

ಅದರ ಜೊತೆಗೆ ಇನ್ನೊಂದನ್ನು ಗಮನಿಸಿ. ಕಡಿದ ಆ ಕ್ಷಣದಲ್ಲೇ ವೈಫೈ ಹೆಸರುಗಳ ಪಟ್ಟಿಯನ್ನು ಮೊಬೈಲಿನಲ್ಲೂ ತೆರೆದು ನೋಡಿ. ಎರಡೂ ಹೆಸರು ಇವೆಯೇ, ಎರಡೂ ಮಾಯವಾಗಿವೆಯೇ, ಇಲ್ಲವೇ ಒಂದು ಮಾತ್ರ ಮಾಯವಾಗಿದೆಯೇ? ಗಡಿಯಾರ ನೋಡಿ ಸಮಯವನ್ನು ಬರೆದಿಟ್ಟುಕೊಳ್ಳಿ.

ತುಂಗಾತೀರ:

ಮೂರು ದಿನ ತಾವು ಹೇಳಿದಂತೆಯೇ ಮಾಡಿದೆ. ಒಟ್ಟು 13 ಬಾರಿ ಕಡಿಯಿತು. ಪ್ರತಿ ಸಲವೂ ಎರಡು ಕಿಟಕಿಗಳಲ್ಲೂ ಒಮ್ಮೆಗೇ 'ಜನರಲ್ ಫೇಲ್ಯೂರ್' ಎಂಬ ಸಾಲುಗಳು ಬರಲಾರಂಭಿಸಿದವು. ಪಟ್ಟಿಯನ್ನು ಒಂಬತ್ತು ಸಲ ನೋಡಲು ಸಾಧ್ಯವಾಯಿತು. ಆ ಒಂಬತ್ತು ಸಲವೂ 5ಜಿ ಎಂದಿರುವ ಹೆಸರು ಲ್ಯಾಪ್‌ಟಾಪಿನಲ್ಲೂ ಇರಲಿಲ್ಲ, ಮೊಬೈಲಿನಲ್ಲೂ ಇರಲಿಲ್ಲ; ಇನ್ನೊಂದು ಹೆಸರು ಎಂದಿನಂತೆಯೇ ಇತ್ತು. ಒಮ್ಮೆ ಕೆಳಗೆ ಓಡಿಹೋಗಿ ನೋಡಿದೆ. ರೂಟರ್‌ನ ಉಳಿದೆಲ್ಲ ದೀಪಗಳು ಹಸಿರಾಗಿದ್ದವು, 5ಜಿ ಎಂದು ಬರೆದಿರುವ ದೀಪವೊಂದು ಆರಿತ್ತು. ನಾನು ನೋಡುತ್ತಿದ್ದಂತೆಯೇ ಅದು ಮತ್ತೆ ಹೊತ್ತಿಕೊಂಡಿತು.

ತಾಳೆಗರಿ:

ಇಷ್ಟು ಅಚ್ಚುಕಟ್ಟಾಗಿ ಗಮನಿಸಿ ಬರೆದಿದ್ದಕ್ಕೆ ಧನ್ಯವಾದಗಳು. ನಿಮ್ಮ ಲ್ಯಾಪ್‌ಟಾಪ್, ಫೈಬರ್ ಮತ್ತು ತಾರಸಿ ಈ ಮೂರೂ ನಿರಪರಾಧಿಗಳು. ರೂಟರ್ ತಾನೇ ತನ್ನ 5 ಗಿಗಾಹರ್ಟ್ಸ್ ಪ್ರಸಾರವನ್ನು ನಿಲ್ಲಿಸುತ್ತಿದೆ. (ಹೆಸರಿನಲ್ಲಿರುವ 5ಜಿಗೂ ಮೊಬೈಲಿನ 5ಜಿಗೂ ಸಂಬಂಧವಿಲ್ಲ.)

ಕಾರಣ ಹೀಗಿರಬೇಕು. ಈ ತರಂಗಪಟ್ಟಿಯ ನಡುವಿನ ಭಾಗವನ್ನು, ಅಂದರೆ 52ರಿಂದ 64 ಮತ್ತು 100ರಿಂದ 144ರವರೆಗಿನ ಚಾನೆಲ್‌ಗಳನ್ನು, ವೈಫೈ ರಾಡಾರ್‌ಗಳೊಂದಿಗೆ ಹಂಚಿಕೊಳ್ಳುತ್ತದೆ. ಹವಾಮಾನ ರಾಡಾರ್‌ಗಳಲ್ಲಿ ಹಲವು 5.6 ಗಿಗಾಹರ್ಟ್ಸ್ ಸುತ್ತಮುತ್ತ ಕೆಲಸ ಮಾಡುತ್ತವೆ. ಅಲ್ಲಿ ರಾಡಾರ್‌ಗೇ ಮೊದಲ ಹಕ್ಕು. ಆದ್ದರಿಂದ ಆ ಚಾನೆಲ್‌ನಲ್ಲಿರುವ ರೂಟರ್‌ಗೆ ರಾಡಾರಿನಂತಹ ಮಿಡಿತ ಕೇಳಿಸಿದರೆ ಹತ್ತು ಸೆಕೆಂಡುಗಳೊಳಗೆ ಅದು ಜಾಗ ಖಾಲಿ ಮಾಡಬೇಕು. ಅದು ಸೇರಲು ಹೊರಟ ಹೊಸ ಚಾನೆಲ್ ಕೂಡ ಇದೇ ಗುಂಪಿನದಾಗಿದ್ದರೆ, ಏನನ್ನೂ ಪ್ರಸಾರ ಮಾಡದೆ ಕನಿಷ್ಠ 60 ಸೆಕೆಂಡು ಬರಿದೆ ಕಿವಿಗೊಟ್ಟು ಕೂರಬೇಕು. ನಿಮ್ಮ ಆ ಒಂದು ನಿಮಿಷ ಇದೇ. ಹತ್ತಿರದಲ್ಲಿ ರಾಡಾರ್ ಇರಲೇಬೇಕೆಂದೇನೂ ಇಲ್ಲ; ಬೇರೆ ಉಪಕರಣಗಳ ಮಿಡಿತವನ್ನೇ ರಾಡಾರ್ ಎಂದು ತಪ್ಪಾಗಿ ತಿಳಿಯುವ ರೂಟರ್‌ಗಳು ಸಾಕಷ್ಟಿವೆ.

ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸವನ್ನು ತೆರೆದು ಒಳಗೆ ಹೋಗಿ, ಮೊದಲು ಸಿಸ್ಟಮ್ ಲಾಗ್ (ರೂಟರ್ ತನ್ನಲ್ಲಿ ನಡೆದುದನ್ನು ಸಮಯದ ಸಮೇತ ಬರೆದಿಡುವ ದಾಖಲೆ) ನೋಡಿ. ನೀವು ಬರೆದಿಟ್ಟ ಸಮಯಗಳಲ್ಲಿ 'ರಾಡಾರ್ ಡಿಟೆಕ್ಟೆಡ್' ಎಂಬ ಸಾಲು ಇದ್ದರೆ ಸಂಶಯವೇ ಉಳಿಯುವುದಿಲ್ಲ. ಬಳಿಕ 5 ಗಿಗಾಹರ್ಟ್ಸ್ ವಿಭಾಗದಲ್ಲಿ ಚಾನೆಲನ್ನು 'ಆಟೋ' ಇಂದ ತೆಗೆದು 36 ಅಥವಾ 149ಕ್ಕೆ ನಿಗದಿ ಮಾಡಿ. ಚಾನೆಲ್ ಅಗಲ 160 ಮೆಗಾಹರ್ಟ್ಸ್ ಎಂದಿದ್ದರೆ ಅದನ್ನೂ 80ಕ್ಕೆ ಇಳಿಸಬೇಕು. ಬಹಳ ಜನ ಎಡವುವುದು ಇಲ್ಲಿಯೇ: 36 ಎಂದು ಆರಿಸಿಕೊಂಡರೂ 160ರ ಅಗಲ 64ನೆಯ ಚಾನೆಲ್‌ವರೆಗೂ ಹಬ್ಬುತ್ತದೆ, ರಾಡಾರಿನ ಪಾಲು ಅದರೊಳಗೆ ಮತ್ತೆ ಸೇರಿಬಿಡುತ್ತದೆ. 100 ಎಂಬಿಪಿಎಸ್ ಪ್ಲಾನ್‌ಗೆ 80 ಧಾರಾಳವಾಗಿ ಸಾಕು.

ಹಳೇಬೀಡು_ಎಲೆಕ್ಟ್ರಾನಿಕ್ಸ್:

ಇದೇ ತೊಂದರೆಯೆಂದುಕೊಂಡು ಇಲ್ಲಿಗೆ ಬರುವ ಇತರರಿಗಾಗಿ ಒಂದು ಮಾತು. ನಮ್ಮ ಅಣ್ಣನ ಮನೆಯಲ್ಲೂ ಸಂಪರ್ಕ ಒಂದೆರಡು ನಿಮಿಷ ಹೋಗಿ ಬರುತ್ತಿತ್ತು, ಆದರೆ ಅಲ್ಲಿ ಎರಡೂ ಹೆಸರುಗಳು ಒಟ್ಟಿಗೆ ಮಾಯವಾಗುತ್ತಿದ್ದವು, ದೀಪಗಳೆಲ್ಲ ಆರಿ ಮೊದಲಿನಿಂದ ಹೊತ್ತಿಕೊಳ್ಳುತ್ತಿದ್ದವು. ಅಂದರೆ ರೂಟರ್ ರೀಸ್ಟಾರ್ಟ್ ಆಗುತ್ತಿತ್ತು. ಅದರ 12 ವೋಲ್ಟ್ ಅಡಾಪ್ಟರನ್ನು ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಮಲ್ಟಿಮೀಟರ್ ಹಿಡಿದಾಗ ಬರಿದೆ ಇದ್ದಾಗ 12 ವೋಲ್ಟ್ ಸರಿಯಾಗಿಯೇ ತೋರಿಸಿತು, ರೂಟರ್ ಜೋಡಿಸಿದ ಮೇಲೆ 10ರ ಹತ್ತಿರಕ್ಕೆ ಕುಸಿಯಿತು. ಅಡಾಪ್ಟರ್ ಬದಲಿಸಿದರು, ಸರಿಹೋಯಿತು. ಹೊಸದನ್ನು ಕೊಳ್ಳುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಹಳೆಯದಕ್ಕಿಂತ ಕಡಿಮೆ ಇರಬಾರದು, ಪಿನ್‌ನ ಧ್ರುವಗಳೂ ಹೊಂದಬೇಕು.

ಹೆಸರುಗಳೆರಡೂ ಇದ್ದು ಎಲ್‌ಒಎಸ್ ದೀಪ (ಫೈಬರ್‌ನಲ್ಲಿ ಸಿಗ್ನಲ್ ಬರುತ್ತಿಲ್ಲ ಎಂದು ತಿಳಿಸುವ ದೀಪ) ಕೆಂಪಾಗಿ ಮಿನುಗಿದರೆ ಫೈಬರ್ ತಂತಿಯ ಜಾಡು ಹಿಡಿದು ಹೋಗಿ. ಬೀರುವಿನ ಹಿಂದೆಯೋ ಕಿಟಕಿಯ ಸಂದಿಯಲ್ಲೋ ಅದು ಬಿಗಿಯಾಗಿ ಮಡಚಿಕೊಂಡಿದ್ದರೆ ಬೆಳಕು ಅಲ್ಲಿಯೇ ಸೋರಿಹೋಗುತ್ತದೆ.

ತುಂಗಾತೀರ:

ಲಾಗ್‌ನಲ್ಲಿ ಆ ಸಾಲು ಇದೆ! ರೂಟರ್‌ನ ಗಡಿಯಾರ ಏಳು ನಿಮಿಷ ಹಿಂದಿತ್ತು. ಅದನ್ನು ಸರಿದೂಗಿಸಿ ನೋಡಿದರೆ ನನ್ನ ಪಟ್ಟಿಯ 13 ಸಮಯಗಳಲ್ಲಿ 12 ಹೊಂದಿಕೆಯಾದವು. ಹಳೆಯ ಸೆಟ್ಟಿಂಗ್‌ನಲ್ಲಿ ಚಾನೆಲ್ 'ಆಟೋ' ಇತ್ತು, ಅಗಲ 160 ಇತ್ತು. ಅಗಲವನ್ನು 80ಕ್ಕೆ ಇಳಿಸಿ 36 ಮತ್ತು 149 ಎರಡನ್ನೂ ಮೇಲಿನ ಕೋಣೆಯಲ್ಲಿ ಕುಳಿತು ಪರೀಕ್ಷಿಸಿದೆ. 149ರಲ್ಲಿ ಸಿಗ್ನಲ್ ತುಸು ಹೆಚ್ಚು ಸಿಕ್ಕಿದ್ದರಿಂದ ಅದನ್ನೇ ಉಳಿಸಿಕೊಂಡಿದ್ದೇನೆ.

ಇಂದಿಗೆ ಹನ್ನೊಂದು ದಿನಗಳಾದವು. 5ಜಿ ಹೆಸರು ಒಮ್ಮೆಯೂ ಮಾಯವಾಗಿಲ್ಲ. ಮೊನ್ನೆ ಸಂಜೆ ಮಾತ್ರ ನಾಲ್ಕು ನಿಮಿಷ ಇಂಟರ್ನೆಟ್ ನಿಂತಿತು. ಆಗ ರೂಟರ್‌ನಿಂದ ಉತ್ತರ ಬರುತ್ತಿತ್ತು, 8.8.8.8ರಿಂದ ಬರುತ್ತಿರಲಿಲ್ಲ, ಎಲ್‌ಒಎಸ್ ದೀಪ ಕೆಂಪಾಗಿತ್ತು. ಕಂಪನಿಗೆ ಕರೆ ಮಾಡಿ ಇಷ್ಟನ್ನೂ ಸಮಯದ ಸಮೇತ ಹೇಳಿದೆ. ಈ ಬಾರಿ ಅವರು ವೇಗದ ಮಾತೆತ್ತದೆ, ಬೀದಿಯ ಕಂಬದ ಮೇಲಿನ ಜೋಡಣೆಯನ್ನು ನೋಡಲು ನಾಳೆ ಬೆಳಿಗ್ಗೆ ಜನ ಕಳುಹಿಸುವುದಾಗಿ ಒಪ್ಪಿಕೊಂಡರು. ತಾಳೆಗರಿಯವರಿಗೂ ಉಳಿದವರಿಗೂ ಮನಃಪೂರ್ವಕ ವಂದನೆಗಳು.