ಗ್ರಾಫೀನ್ ಆಕ್ಸೈಡ್ ಹಾಕಿದ ಪೊರೆ: ವಾಹಕತೆ ಏರಿತು, ಸೆಲ್‌ನಲ್ಲಿ ವೋಲ್ಟೇಜ್ ಬಿತ್ತು. ಯಾಕೆ?

ಹಸಿಪೊರೆ:
ನಮಸ್ಕಾರ. ಹೈಡ್ರೋಜನ್ ಇಂಧನ ಕೋಶಕ್ಕೆ (ಫ್ಯುಯಲ್ ಸೆಲ್) ಪೊರೆ ಮಾಡುತ್ತಿದ್ದೇನೆ. ಪ್ರೋಟಾನ್ ಮಾತ್ರ ದಾಟಿಸಿ, ಅನಿಲವನ್ನೂ ಎಲೆಕ್ಟ್ರಾನನ್ನೂ ತಡೆಯಬೇಕಾದ ಪೊರೆ ಅದು. ಎರಡು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಗೊತ್ತಿದ್ದವರು ದಾರಿ ತೋರಿಸಿ.

5% ನಾಫಿಯಾನ್ (ಪ್ರೋಟಾನ್ ಸಾಗಿಸುವ ಪಾಲಿಮರ್) ದ್ರಾವಣದ ಆಲ್ಕೋಹಾಲ್ ಹಾರಿಸಿ, ಉಳಿದದ್ದನ್ನು ಡೈಮೀಥೈಲ್ ಅಸಿಟಮೈಡ್‌ನಲ್ಲಿ ಕರಗಿಸಿದೆ. ಅದಕ್ಕೆ ಪಾಲಿಮರ್ ತೂಕದ 3% ಗ್ರಾಫೀನ್ ಆಕ್ಸೈಡ್ ಸೇರಿಸಿದೆ. ಅರ್ಧ ಗಂಟೆ ಸೋನಿಕೇಟರ್ (ಶಬ್ದದ ಅಲೆಯಿಂದ ಕಣ ಚದುರಿಸುವ ಯಂತ್ರ). ಗಾಜಿನ ತಟ್ಟೆಗೆ ಸುರಿದು ರಾತ್ರಿಯಿಡೀ 80 ಡಿಗ್ರಿಯಲ್ಲಿ ಒಣಗಿಸಿ, ಆಮೇಲೆ 160 ಡಿಗ್ರಿಯಲ್ಲಿ 2 ಗಂಟೆ ಇಟ್ಟೆ. ನಂತರ ಎಲ್ಲರೂ ಮಾಡುವ ತೊಳೆತ: 3% ಹೈಡ್ರೋಜನ್ ಪೆರಾಕ್ಸೈಡ್, ನೀರು, 0.5 ಮೋಲಾರ್ ಗಂಧಕಾಮ್ಲ, ಮತ್ತೆ ನೀರು. ಒಂದೊಂದೂ 80 ಡಿಗ್ರಿಯಲ್ಲಿ ಒಂದು ಗಂಟೆ. ದಪ್ಪ 55 ಮೈಕ್ರಾನ್ ಬಂತು.

ನಾಲ್ಕು ತಂತಿಯ ಪ್ರೋಬ್‌ನಲ್ಲಿ ಅಳೆದಾಗ ಖುಷಿಯೋ ಖುಷಿ. ಏನೂ ಹಾಕದ ಪೊರೆ ಸೆಂ.ಮೀ.ಗೆ 0.078 ಸೀಮೆನ್ಸ್, ಇದು 0.084. ಆದರೆ ಸೆಲ್‌ಗೆ ಕೂರಿಸಿದರೆ ಎಲ್ಲ ತಲೆಕೆಳಗು. 80 ಡಿಗ್ರಿ, ಪೂರ್ತಿ ತೇವ. ಲೋಡ್ ಇಲ್ಲದಾಗ ಬರಿ ಪೊರೆಗೆ 0.96 ವೋಲ್ಟ್, ಇದಕ್ಕೆ 0.88. ಇಂಪೀಡೆನ್ಸ್‌ನಲ್ಲಿ (ಏಸಿ ಕರೆಂಟ್ ಬಿಟ್ಟು ಅಳೆಯುವ ವಿಧಾನ) ಓದಿದ ರೋಧ ಬರಿ ಪೊರೆಗೆ 0.11 ಇದ್ದದ್ದು ಇದಕ್ಕೆ 0.19 ಓಮ್-ಚದರ ಸೆಂ.ಮೀ. ಆಗಿದೆ. ವಾಹಕತೆ ಜಾಸ್ತಿ ಅಂದಮೇಲೆ ರೋಧ ಕಡಿಮೆ ಆಗಬೇಕಲ್ವಾ?

ಅಳತೆಪಟ್ಟಿ:
ವೋಲ್ಟೇಜ್ ಬಿದ್ದಿದೆ ಅಂದರೆ ಮೊದಲು ಸಂಶಯ ಪಡಬೇಕಾದದ್ದು ಸೂಜಿತೂತು. ಹೈಡ್ರೋಜನ್ ಆ ಕಡೆಗೆ ಸೋರುತ್ತಿರಬಹುದು. ಇನ್ನೊಂದು ಸಂಶಯ, ಗ್ರಾಫೀನ್ ಆಕ್ಸೈಡ್‌ನಲ್ಲಿ ಉಳಿದ ಮ್ಯಾಂಗನೀಸ್, ಪೊಟ್ಯಾಷಿಯಂ. ಹಮ್ಮರ್ಸ್ ವಿಧಾನದಲ್ಲಿ (ಗ್ರಾಫೈಟನ್ನು ಪೊಟ್ಯಾಷಿಯಂ ಪರ್ಮಾಂಗನೇಟ್ ಹಾಕಿ ಉತ್ಕರ್ಷಿಸುವುದು) ಮಾಡಿದ್ದಾದರೆ ಇವು ಇದ್ದೇ ಇರುತ್ತವೆ. ಸರಿಯಾಗಿ ತೊಳೆಯದಿದ್ದರೆ ನಾಫಿಯಾನ್‌ನ ಸಲ್ಫೋನಿಕ್ ಗುಂಪುಗಳ (ಪ್ರೋಟಾನ್ ಸಾಗಿಸುವ ಆಮ್ಲದ ತುದಿಗಳು) ಮೇಲೆ ಪ್ರೋಟಾನ್ ಜಾಗದಲ್ಲಿ ಇವೇ ಕೂತುಬಿಡುತ್ತವೆ. ಪೊರೆಯ ತುಂಡನ್ನು ಉಪ್ಪುನೀರಿನಲ್ಲಿ ನೆನೆಸಿ, ಹೊರಬಂದ ಆಮ್ಲವನ್ನು ಟೈಟ್ರೇಟ್ ಮಾಡಿ ನೋಡಿ. 1100 ಈಕ್ವಿವಲೆಂಟ್ ತೂಕದ (ಒಂದು ಮೋಲ್ ಆಮ್ಲ ಗುಂಪಿಗೆ 1100 ಗ್ರಾಂ ಪಾಲಿಮರ್) ನಾಫಿಯಾನ್ ಆದರೆ ಗ್ರಾಂಗೆ 0.91 ಮಿಲಿಈಕ್ವಿವಲೆಂಟ್ ಹತ್ತಿರ ಬರಬೇಕು.

ಹಸಿಪೊರೆ:
ಮಾಡಿದೆ. ಬರಿ ಪೊರೆ 0.90, ಗ್ರಾಫೀನ್ ಆಕ್ಸೈಡ್ ಇರುವುದು 0.87. ಅಯಾನುಗಳ ಕಾಟ ಇದ್ದಂತಿಲ್ಲ. ದೀಪಕ್ಕೆ ಹಿಡಿದು ನೋಡಿದೆ, ತೂತೂ ಕಾಣಲಿಲ್ಲ.

ಹಳೇ ಓವನ್:
ಒಂದು ಪ್ರಶ್ನೆ. ಓವನ್‌ಗೆ ಇಡುವ ಮುಂಚೆ ಪೊರೆಯ ಬಣ್ಣ ಏನಿತ್ತು, ತೆಗೆದಾಗ ಏನಿತ್ತು?

ಹಸಿಪೊರೆ:
80 ಡಿಗ್ರಿ ಮುಗಿದಾಗ ಚಹಾ ಬಣ್ಣ. 160 ಆದಮೇಲೆ ಕಪ್ಪು. ಅದು ಮಾಮೂಲಿ ಅಂದುಕೊಂಡು ಬರೆಯಲೇ ಇಲ್ಲ.

ಹಳೇ ಓವನ್:
ಸಿಕ್ಕಿತು. ನಿಮ್ಮಲ್ಲಿ ಎರಡು ತೊಂದರೆ ಸೇರಿಕೊಂಡಿವೆ. ಒಂದೇ ಅಂದುಕೊಂಡು ಹುಡುಕಿದರೆ ಗೊತ್ತಾಗುವುದಿಲ್ಲ.

ಮೊದಲನೆಯದು ಬಿಸಿ. ಗ್ರಾಫೀನ್ ಆಕ್ಸೈಡ್ ತನ್ನ ಮೂಲಕ ಎಲೆಕ್ಟ್ರಾನ್ ಹರಿಯಲು ಬಿಡುವುದಿಲ್ಲ, ಅದಕ್ಕೇ ಅದನ್ನು ಪೊರೆಗೆ ಹಾಕಲು ಧೈರ್ಯ. ಆದರೆ ಬಿಸಿಯಾದಂತೆ ಅದರ ಆಮ್ಲಜನಕದ ಗುಂಪುಗಳು ಕಳಚಿಕೊಂಡು, ಎಲೆಕ್ಟ್ರಾನ್ ಹರಿಯುವ ಗ್ರಾಫೀನ್ ಕಡೆಗೆ ತಿರುಗುತ್ತದೆ. ಚಹಾ ಕಪ್ಪಾಗಿದ್ದು ಅದಕ್ಕೇ. ಈಗ ನಿಮ್ಮ ಪೊರೆ ಒಳಗೊಳಗೇ ಸಣ್ಣಗೆ ಶಾರ್ಟ್ ಆಗಿದೆ. ಪ್ರೋಬ್‌ನಲ್ಲಿ ವಾಹಕತೆ ಏರಿದ್ದರಲ್ಲೂ ಎಲೆಕ್ಟ್ರಾನ್‌ಗಳ ಪಾಲು ಇರಬಹುದು. ಹರಿದದ್ದು ಪ್ರೋಟಾನೋ ಎಲೆಕ್ಟ್ರಾನೋ ಅಂತ ಮೀಟರ್‌ಗೆ ಏನು ಗೊತ್ತು!

ಸುಮ್ನೆ ನನ್ನ ಮಾತು ನಂಬಬೇಡಿ. ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ನೈಟ್ರೋಜನ್ ಬಿಟ್ಟು, ವೋಲ್ಟೇಜನ್ನು ನಿಧಾನವಾಗಿ 0.5 ತನಕ ಏರಿಸಿ ಕರೆಂಟ್ ನೋಡಿ. ಬರೀ ಅನಿಲ ಸೋರಿಕೆಯಾದರೆ ಗೆರೆ ಒಂದು ಮಟ್ಟಕ್ಕೆ ಬಂದು ಚಪ್ಪಟೆಯಾಗಿ ನಿಲ್ಲುತ್ತದೆ. ಶಾರ್ಟ್ ಇದ್ದರೆ ಓರೆಯಾಗಿ ಏರುತ್ತಲೇ ಹೋಗುತ್ತದೆ. ಆ ಓರೆಯಿಂದ ಶಾರ್ಟ್‌ನ ರೋಧ ಸಿಗುತ್ತದೆ. ಗೆರೆಯನ್ನು ಹಿಂದಕ್ಕೆ ಸೊನ್ನೆ ವೋಲ್ಟ್ ತನಕ ಎಳೆದರೆ ನಿಜವಾದ ಸೋರಿಕೆ ಸಿಗುತ್ತದೆ.

ಎರಡನೆಯದು ದಿಕ್ಕು. ಗ್ರಾಫೀನ್ ಆಕ್ಸೈಡ್ ಅಂದರೆ ಹಾಳೆಗಳು. ದ್ರಾವಣ ಒಣಗಿ ಕೆಳಗಿಳಿಯುವಾಗ ಅವು ನೆಲಕ್ಕೆ ಹಾಸಿದ ಚಾಪೆಯಂತೆ ಮಲಗುತ್ತವೆ. ನಿಮ್ಮ ಪ್ರೋಬ್ ಅಳೆಯುವುದು ಪೊರೆಯ ಉದ್ದಕ್ಕೆ, ಅಂದರೆ ಚಾಪೆಗಳ ಜೊತೆಜೊತೆಗೆ. ಸೆಲ್‌ನಲ್ಲಿ ಪ್ರೋಟಾನ್ ದಾಟಬೇಕಿರುವುದು ದಪ್ಪದ ದಿಕ್ಕಿನಲ್ಲಿ, ಪ್ರತಿ ಚಾಪೆಯನ್ನೂ ಸುತ್ತಿಕೊಂಡು. ಹಾಗಾಗಿ ಉದ್ದಕ್ಕೆ ಅಳೆದ ಸಂಖ್ಯೆ ಮಾತ್ರ ನೋಡಿ ಪೊರೆ ಚೆನ್ನಾಗಿದೆ ಅನ್ನಬೇಡಿ. ಈ ತಪ್ಪನ್ನು ನಾನೂ ಒಂದು ವರ್ಷ ಮಾಡಿದ್ದೇನೆ.

ಹಸಿಪೊರೆ:
ಅಯ್ಯೋ, ನೀವು ಹೇಳಿದ ಹಾಗೇ ಇದೆ. 0.3 ವೋಲ್ಟ್‌ಗೆ ಚದರ ಸೆಂ.ಮೀ.ಗೆ 8.5 ಮಿಲಿಆಂಪ್, 0.5ಕ್ಕೆ 13. ನೆಟ್ಟಗೆ ಓರೆ ಗೆರೆ. ಲೆಕ್ಕ ಹಾಕಿದರೆ ಶಾರ್ಟ್ ಸುಮಾರು 44 ಓಮ್-ಚದರ ಸೆಂ.ಮೀ. ಹಿಂದಕ್ಕೆ ಎಳೆದಾಗ ಸೋರಿಕೆ 1.7 ಮಿಲಿಆಂಪ್. ಬರಿ ಪೊರೆಗೂ 1.8 ಇದೆ. ಅಂದರೆ ಅನಿಲದ್ದೇನೂ ತಪ್ಪಿಲ್ಲ.

ಈಗ ಓವನ್ ಇಳಿಸಿದರೆ ಸಾಕಾ? 160 ಇಟ್ಟಿದ್ದೇ ಪೊರೆ ಗಟ್ಟಿಯಾಗಲಿ ಅಂತ.

ಹಳೇ ಓವನ್:
130ಕ್ಕೆ ಇಳಿಸಿ. ಅಷ್ಟಕ್ಕೇ ನಾಫಿಯಾನ್ ಸರಪಳಿಗಳು ಸರಿದಾಡಿ ಕೂಡಿಕೊಳ್ಳುತ್ತವೆ. ಬಿಸಿ ಬೇಡವೇ ಬೇಡ ಅಂತ ಬಿಟ್ಟರೂ ಕಷ್ಟ. ಕೋಣೆಯ ಬಿಸಿಯಲ್ಲೇ ಒಣಗಿಸಿದ ಪೊರೆ ಕೆರೆ ಬತ್ತಿದ ನೆಲದಂತೆ ಬಿರುಕು ಬಿಡುತ್ತದೆ.

3% ಕೂಡ ಜಾಸ್ತಿಯಾಯಿತು. 0.5% ಇಂದ ಶುರು ಮಾಡಿ. ಗ್ರಾಫೀನ್ ಆಕ್ಸೈಡನ್ನು ಪುಡಿಯಾಗಿ ಹಾಕಬೇಡಿ. ಮೊದಲು ದ್ರಾವಕದಲ್ಲಿ ಬೇರೆಯಾಗಿ ಚದುರಿಸಿ, ಗಂಟು ಒಡೆದ ಮೇಲೆ ಪಾಲಿಮರ್ ಜೊತೆ ಸೇರಿಸಿ. ಅಂದಹಾಗೆ ಒಣ ಪುಡಿಯನ್ನು ರಾಶಿಯಾಗಿ ಓವನ್‌ನಲ್ಲಿಟ್ಟು ಬಿಸಿ ಮಾಡಬೇಡಿ, ಭಗ್ಗನೆ ಹೊತ್ತಿಕೊಳ್ಳುವ ವಸ್ತು ಅದು.

ಅಳತೆಪಟ್ಟಿ:
ಹಾಳೆಯ ಗೋಜೇ ಬೇಡ ಅಂದರೆ ಸಿಲಿಕಾ ಇದೆಯಲ್ಲ? ಉಂಡೆ ಕಣಕ್ಕೆ ಮಲಗುವ ದಿಕ್ಕೇ ಇಲ್ಲ, ಶಾರ್ಟ್ ಭಯವೂ ಇಲ್ಲ.

ಹಳೇ ಓವನ್:
ನಿಜ. ಆದರೆ ಸಿಲಿಕಾ ನೀರು ಹಿಡಿಯುತ್ತದೆಯೇ ಹೊರತು ತಾನಾಗಿ ಪ್ರೋಟಾನ್ ಸಾಗಿಸುವುದರಲ್ಲಿ ಮಂದ. ಜಾಸ್ತಿ ಹಾಕಿದರೆ ಸುಮ್ನೆ ಜಾಗ ತಿನ್ನುತ್ತದೆ. ಅದರ ಮೇಲೆ ಸಲ್ಫೋನಿಕ್ ಗುಂಪು ಕೂರಿಸಿದರೆ ಮಾತು ಬೇರೆ. ಇವರು ಮೊದಲು ಕೈಯಲ್ಲಿರುವುದನ್ನು ಸರಿ ಮಾಡಲಿ.

ಹಸಿಪೊರೆ:
ಹತ್ತು ದಿನ ಆಯಿತು, ವರದಿ ಕೊಡುತ್ತೇನೆ. 3% ಇಟ್ಟುಕೊಂಡೇ ಓವನ್ ಮಾತ್ರ 130 ಮಾಡಿದೆ: ವೋಲ್ಟೇಜ್ 0.95ಕ್ಕೆ ವಾಪಸ್, ರೋಧ ಇನ್ನೂ 0.17. ಆಮೇಲೆ 0.5%ಗೆ ಇಳಿಸಿದೆ: ರೋಧ 0.12. ಎರಡು ತೊಂದರೆ ಅಂದಿದ್ದು ಅಕ್ಷರಶಃ ನಿಜ.

ಬೇಸರ ಏನೆಂದರೆ, ಪೂರ್ತಿ ತೇವದಲ್ಲಿ ಬರಿ ಪೊರೆಗಿಂತ ಲಾಭ ಏನೂ ಇಲ್ಲ. ತೇವ 40%ಗೆ ಇಳಿಸಿದಾಗ ಮಾತ್ರ ಸ್ವಲ್ಪ ಮುಂದಿದೆ.

ಹಳೇ ಓವನ್:
ಲಾಭ ಹುಡುಕಬೇಕಾದದ್ದು ಅಲ್ಲೇ. ನೀರು ತುಂಬಿರುವಾಗ ನಾಫಿಯಾನ್‌ಗೆ ಯಾರ ಸಹಾಯವೂ ಬೇಡ. ಒಣಗುವಾಗಲೇ ಅದು ಸೋಲುವುದು. ಎಷ್ಟು ಪೊರೆ ಅಳೆದಿರಿ?

ಹಸಿಪೊರೆ:
ಎರಡು. ಇನ್ನೂ ಮೂರು ಸುರಿಯುತ್ತೇನೆ.

ಹಳೇ ಓವನ್:
ಮೂರನ್ನೂ ಒಂದೇ ಬಾಟಲಿಯ ಮಿಶ್ರಣದಿಂದ ಸುರಿಯಬೇಡಿ. ಪ್ರತಿ ಸಲ ಹೊಸದಾಗಿ ಚದುರಿಸಿ. ಇಲ್ಲದಿದ್ದರೆ ಒಂದೇ ಮಿಶ್ರಣವನ್ನು ಮೂರು ಸಲ ಅಳೆದ ಹಾಗಾಗುತ್ತದೆ. ಪ್ರತಿಯೊಂದರ ಜೊತೆಗೂ ಒಂದು ಬರಿ ಪೊರೆ ಇರಲಿ, ಅದೇ ದಿನದ್ದು, ಅದೇ ಓವನ್‌ನದ್ದು.